ಇಸ್ತ್ರಿ ಪುಟ

ಇಪ್ಪತ್ತೈದು ವರ್ಷಗಳಲ್ಲಿ ಆ ಒಂದು ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ ಆ ದೇವರೇ ಬಲ್ಲ. ಯಾವ ಊರಿನ ಸಾಹಿತ್ಯೋತ್ಸವಕ್ಕೆ ಹೋಗಲಿ, ಎಂಥ ಹರಕು ಡೇರೆಯ ಕೆಳಗೆ ಕೂರಿಸಲಿ, ಕೊನೆಗೆ ಯಾರಾದರೊಬ್ಬರು ಎದ್ದು, ಮೇಡಂ ಆ ಇಸ್ತ್ರಿ ಪುಟ ಓದಿ ಎನ್ನುತ್ತಾರೆ. ಓದುತ್ತೇನೆ. ನದಿಯ ಕೆಳಗೆ ಸುರಂಗ ಕೊರೆದು ಲಾಂಚು ನಿಲ್ಲಿಸಿದ ಮೇಲೂ, ಲಾಂಚಿನ ಟಿಕೆಟ್ ಮಾರುತ್ತಿದ್ದ ಹೆಂಗಸೊಬ್ಬಳು ತನ್ನ ಹಳೆಯ ಯೂನಿಫಾರ್ಮಿಗೆ ಶನಿವಾರ ಶನಿವಾರ ಇಸ್ತ್ರಿ ಹಾಕುತ್ತ, ಕಿಟಕಿಯಿಂದ ನದಿ ನೋಡುತ್ತ, ಲಾಂಚು ಮತ್ತೆ ಬಂದೀತೆಂದು ಕಾದು ಕಾದು ಬುದ್ಧಿ ಕಳೆದುಕೊಳ್ಳುವ ಪುಟ ಅದು. ಮುಂದಿನ ಸಾಲಿನ ಹೆಂಗಸರು ಕರ್ಚೀಫು ತೆಗೆಯುತ್ತಾರೆ. ನಾನು ಮಹಾ ಸಂಪನ್ನೆಯ ಹಾಗೆ ತಲೆ ಬಾಗಿಸುತ್ತೇನೆ. ಆಮೇಲೆ ಹೋಟೆಲಿನ ಕೋಣೆಗೆ ಬಂದು, ಶೂ ಕಳಚಿ, ಎವರಿಸ್ಟೊ ಗರೈಸ್‌ನನ್ನು ನೆನೆಸಿಕೊಂಡು ಕೂರುತ್ತೇನೆ.

ಆ ಪುಟ ಅವನದು. ಆ ಹೆಂಗಸು ಅವನ ತಾಯಿ. ನಾನು ಕೇಳದೆ ಎತ್ತಿಕೊಂಡು ಬಂದೆ.

ಆಗ ನಮ್ಮ ನದೀತೀರದ ಊರು ಪರಾನಾದಲ್ಲಿ ಬರೆಯುವ ಹುಚ್ಚು ಹತ್ತಿದವರಿಗೆಲ್ಲ ದೋನ್ಯಾ ಪೆರ್ಲಾ ಅವರ ಮನೆಯೇ ಗತಿ. ರೇಡಿಯೋ ನಾಟಕ ಬರೆದು ಬರೆದು ಬೆರಳು ಸೊಟ್ಟಗಾದ ಮುದುಕಿ. ಪ್ರತಿ ಮಂಗಳವಾರ ಸಂಜೆ ಆರಕ್ಕೆ ಊಟದ ಮೇಜಿನ ಸುತ್ತ ಎಂಟು ಜನರ ಕಮ್ಮಟ. ಒಂದೇ ಸೋರೆಬುರುಡೆಯಲ್ಲಿ ಯೆರ್ಬಾ ಎಲೆಗೆ ಬಿಸಿನೀರು ಹಾಕಿ, ಒಂದೇ ಕೊಳವೆಯಿಂದ ಸರದಿ ಪ್ರಕಾರ ಹೀರುತ್ತ, ಒಬ್ಬರ ಬರಹವನ್ನು ಇನ್ನೊಬ್ಬರು ಸಿಗಿದು ಹಾಕುತ್ತಿದ್ದೆವು. ದೋನ್ಯಾ ಪೆರ್ಲಾ ಅವರ ನಿಯಮ ಎರಡೇ. ಓದಿದವರು ಆಮೇಲೆ ಬಾಯಿ ಬಿಡಕೂಡದು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಒಂದು ವಾಕ್ಯ, ಒಂದೇ ಒಂದು ವಾಕ್ಯ ಆಡಬಹುದು. ಇನ್ನೊಂದು, ಕಾಗದದ ಮೇಲೆ ಬಂದದ್ದು ಮೇಜಿನ ಸೊತ್ತು, ಯಾರು ಬೇಕಾದರೂ ಕೈ ಹಾಕಬಹುದು; ಅಡುಗೆಮನೆಯಲ್ಲಿ ಬಾಯಿಮಾತಲ್ಲಿ ಹೇಳಿದ್ದು ಹೇಳಿದವರ ಸೊತ್ತು. ಬರೆದುಕೊಳ್ಳಬೇಕೆನಿಸಿದರೆ ಎದುರಿಗೆ ನಿಂತು, ಕೊಡ್ತೀಯಾ ಎಂದು ಕೇಳಬೇಕು. ಕೊಟ್ಟೆ ಎಂದರೆ ನಿನ್ನದು. ಇಲ್ಲ ಎಂದರೆ ಬಾಯಿ ಮುಚ್ಚಿಕೊಂಡು ಹೋಗು.

ಎವರಿಸ್ಟೊ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ವರ್ಷಕ್ಕೆ ಎರಡು ಪುಟ ಬರೆದರೆ ಅವನಿಗೆ ಬಹಳ. ಆ ಎರಡು ಪುಟದ ಮುಂದೆ ನಮ್ಮ ಕಂತೆಗಳೆಲ್ಲ ರದ್ದಿ. ನಾನು ಬರೆದದ್ದನ್ನೆಲ್ಲ ಮೊದಲು ಅವನೇ ಓದುತ್ತಿದ್ದ. ಎಲ್ಲಿ ಸುಳ್ಳು ಬರೆದಿದ್ದೇನೋ ಅಲ್ಲಿ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಸೊನ್ನೆ. ಮಾತಿಲ್ಲ, ವಿವರಣೆ ಇಲ್ಲ, ಸೊನ್ನೆ ಅಷ್ಟೇ. ಮೈ ಉರಿಯುತ್ತಿತ್ತು. ಮನೆಗೆ ಹೋಗಿ ನೋಡಿದರೆ ಹಾಳಾದವನು ಹೇಳಿದ್ದೇ ಸರಿ ಇರುತ್ತಿತ್ತು. ಅವನ ಮೇಲೆ ನನಗೆ ಜೀವವಿತ್ತು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕು? ಆ ವಯಸ್ಸಿನಲ್ಲಿ ಮುಚ್ಚಿಟ್ಟೆ, ಅದೇ ತಪ್ಪಾಯಿತು.

ಒಂದು ಮಂಗಳವಾರ ಅಡುಗೆಮನೆಯಲ್ಲಿ ನೀರು ಕಾಯಿಸುತ್ತ ಅವನು ತನ್ನ ತಾಯಿಯ ಕಥೆ ಶುರು ಮಾಡಿದ. ಯೂನಿಫಾರ್ಮು, ಶನಿವಾರ, ಇಸ್ತ್ರಿ. ಅಷ್ಟರಲ್ಲಿ ದೋನ್ಯಾ ಪೆರ್ಲಾ ಒಳಗಿನಿಂದ ಗದರಿದರು. ನೀರು ಕುದಿದರೆ ಎಲೆ ಸುಟ್ಟುಹೋಗುತ್ತದೆ, ಹರಟೆ ಸಾಕು ಎಂದು. ಕೆಟಲು ಹಿಡಿದು ಓಡಿದೆವು. ಕಥೆ ಅರ್ಧಕ್ಕೇ ನಿಂತಿತು. ಉಳಿದದ್ದೇನು ಎಂದು ನಾನು ಕೇಳಲಿಲ್ಲ. ಕೊಡ್ತೀಯಾ ಎಂದೂ ಕೇಳಲಿಲ್ಲ.

ಮೂರು ವರ್ಷ ಗುಟ್ಟಾಗಿ ಬರೆದೆ. ಎವರಿಸ್ಟೊಗೆ ತೋರಿಸದೆ ನಾನು ಬರೆದದ್ದು ಆವರೆಗೆ ಅದೊಂದೇ. ಅವನಿಗೆ ತೋರಿಸಲಾರದ್ದು ಬರೆಯುತ್ತಿದ್ದೇನೆ ಎಂದು ಕೈಗೆ ಗೊತ್ತಿತ್ತು, ತಲೆ ಮಾತ್ರ ಒಪ್ಪಲಿಲ್ಲ. ಪುಸ್ತಕ ಬ್ಯೂನಸ್ ಐರಿಸ್‌ನಲ್ಲಿ ಅಚ್ಚಾಯಿತು, ಬಹುಮಾನ ಬಂತು, ಪತ್ರಿಕೆಯಲ್ಲಿ ನನ್ನ ಹಲ್ಲು ಕಿರಿದ ಫೋಟೋ ಬಂತು. ಅವನು ಒಂದು ಸಂಜೆ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಪುಸ್ತಕ.

"ಕೇಳಬಹುದಿತ್ತು, ತೀಲಿ," ಎಂದ.

ನನ್ನ ಹೆಸರು ಒತಿಲಿಯಾ. ತೀಲಿ ಎನ್ನುತ್ತಿದ್ದವನು ಅವನೊಬ್ಬನೇ. ಆ ಹೆಸರನ್ನು ಅವತ್ತೇ ಕೊನೆ ಕೇಳಿದ್ದು. ಅವನು ಕಮ್ಮಟ ಬಿಟ್ಟ, ಬರೆಯುವುದನ್ನು ಬಿಟ್ಟ, ತಾಯಿ ತೀರಿಕೊಂಡ ಮೇಲೆ ಊರನ್ನೂ ಬಿಟ್ಟು ದಿಯಮಾಂತೆಗೆ ಹೋಗಿ ಜೇನು ಸಾಕಿಕೊಂಡಿದ್ದಾನೆ ಎಂದು ಆಮೇಲೆ ಯಾರೋ ಹೇಳಿದರು.

ದಿಯಮಾಂತೆ ಎಂದರೆ ಬಸ್ಸಿನಲ್ಲಿ ಒಂದು ಗಂಟೆ, ಅಷ್ಟೇ. ಎಷ್ಟೋ ಸಲ ಹೋಗಿದ್ದೇನೆ. ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲೇ ಒಂದು ಕಾಫಿ ಕುಡಿದು, ಅದೇ ಬಸ್ಸು ಹತ್ತಿ ವಾಪಸ್ ಬಂದಿದ್ದೇನೆ. ಕಂಡಕ್ಟರ್‌ ಒಬ್ಬ, ಅಮ್ಮಾ ನಮ್ಮೂರ ಕಾಫಿ ಅಷ್ಟು ಚೆನ್ನಾಗಿದೆಯಾ ಎಂದು ಕೇಳಿದ. ಹೌದು ಎಂದೆ. ಆಮೇಲೆ ಮೂರು ಕಾದಂಬರಿ ಬರೆದೆ. ಮೂರೂ ನೀರಸ. ಪ್ರತಿ ಪುಟ ಮುಗಿಸಿದಾಗಲೂ ಕಣ್ಣು ಅಂಚಿಗೆ ಹೋಗುತ್ತಿತ್ತು, ಸೊನ್ನೆ ಎಲ್ಲಿ ಬೀಳುತ್ತಿತ್ತು ಎಂದು. ಖಾಲಿ ಅಂಚನ್ನು ನೋಡಿ ಅತ್ತಿದ್ದೇನೆ ಎಂದರೆ ನನ್ನ ಕಮ್ಮಟದ ಹುಡುಗಿಯರು ನಗುತ್ತಾರೆ. ನಗಲಿ. ದೋನ್ಯಾ ಪೆರ್ಲಾ ಹೋದ ಮೇಲೆ ಮಂಗಳವಾರದ ಮೇಜು ನನ್ನ ಮನೆಗೆ ಬಂದಿದೆ. ಆ ಎರಡು ನಿಯಮಗಳನ್ನು ಎಲ್ಲರಿಗೂ ಹೇಳಿಕೊಡುತ್ತೇನೆ. ಎರಡನೆಯದನ್ನು ಹೇಳುವಾಗ ಯಾರ ಮುಖವನ್ನೂ ನೋಡುವುದಿಲ್ಲ.

ಹೋದ ವಸಂತದಲ್ಲಿ ನಮ್ಮೂರಿನ ಉತ್ಸವದವರು ಫೋನ್ ಮಾಡಿದರು. ಪುಸ್ತಕಕ್ಕೆ ಇಪ್ಪತ್ತೈದು ತುಂಬಿತಲ್ಲ, ಬಂದರಿನ ಹಳೇ ಗೋದಾಮಿನಲ್ಲಿ ಕಾರ್ಯಕ್ರಮ. ಸಂಘಟಕಿ ಹೊರ್ಹೆಲಿನಾ ಚುರುಕು ಹೆಣ್ಣು, ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆ. ಪಕ್ಕದಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡಲು ಯಾರನ್ನು ಕರೆಯೋಣ ಎಂದಳು. ನಮ್ಮಲ್ಲಿ ವೇದಿಕೆ ಮೇಲೆ ಯಾವ ಪುಸ್ತಕವೂ ಒಂಟಿಯಾಗಿ ಹತ್ತುವುದಿಲ್ಲ, ಇನ್ನೊಬ್ಬರು ಕೈ ಹಿಡಿದು ಹತ್ತಿಸಬೇಕು. ನಾನು ಸಾಮಾನ್ಯವಾಗಿ ಹೊಗಳುಭಟರ ಪಟ್ಟಿಯಿಂದ ಒಂದು ಹೆಸರು ಕೊಡುತ್ತೇನೆ. ಅವತ್ತು ಬಾಯಿ ತಾನಾಗಿಯೇ ಎವರಿಸ್ಟೊ ಗರೈಸ್ ಎಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಅವಳದೇ ಫೋನು. ಅವರು ಒಪ್ಪಿದ್ದಾರೆ, ಒಂದೇ ಷರತ್ತಂತೆ ಎಂದಳು.

"ದೋನ್ಯಾ ಪೆರ್ಲಾ ನಿಯಮದ ಪ್ರಕಾರ ನಡೀಬೇಕಂತೆ ಮೇಡಂ. ಹಾಗಂದ್ರೆ ಏನು?"

ಫೋನನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ಆ ಹುಡುಗಿ ಲೈನು ಕಟ್ಟಾಯಿತೆಂದುಕೊಂಡು ಹಲೋ ಹಲೋ ಎನ್ನುತ್ತಿದ್ದಳು.

ಕಾರ್ಯಕ್ರಮದ ದಿನ ಮೂರು ಸಲ ರವಿಕೆ ಬದಲಾಯಿಸಿದೆ, ಅರವತ್ನಾಲ್ಕರ ಮುದಿಗೂಬೆ. ನಮಗಿಂತ ಮುಂಚೆ ಇದ್ದ ಕವಿ ಹತ್ತು ನಿಮಿಷಕ್ಕೆಂದು ಮೈಕು ಹಿಡಿದವನು ಮುಕ್ಕಾಲು ಗಂಟೆ ಬಿಡಲಿಲ್ಲ. ಪರದೆಯ ಹಿಂದೆ ಎವರಿಸ್ಟೊ ಒಂದು ಮಡಚುಕುರ್ಚಿಯಲ್ಲಿ ಕೂತಿದ್ದ. ತಲೆ ಪೂರ್ತಿ ಬೆಳ್ಳಗೆ, ತೊಡೆಯ ಮೇಲೆ ಕಮ್ಮಟಕ್ಕೆ ತರುತ್ತಿದ್ದಂಥದೇ ಕ್ಯಾನ್ವಾಸ್ ಚೀಲ. ನನ್ನನ್ನು ನೋಡಿ, ಕವಿಯ ಕಡೆ ಗದ್ದ ಎತ್ತಿ ತೋರಿಸಿದ.

"ಇವನಿಗೆ ದೋನ್ಯಾ ಪೆರ್ಲಾ ಸಿಕ್ಕಿರಲಿಲ್ಲ ಅನ್ಸುತ್ತೆ," ಎಂದ.

ನಕ್ಕೆ. ಅವನು ನಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾವಿಬ್ಬರೂ ಆಡಿದ್ದು ಅಷ್ಟೇ, ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು.

ಓದಿದೆ. ಅದೇ ಪುಟ. ಕಣ್ಣು ಮುಚ್ಚಿದರೂ ಬರುವ ಪುಟ, ಅವತ್ತು ಸಾಲು ಸಾಲಿಗೂ ಎಡವಿದೆ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಪಕ್ಕದಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ಮುಗಿಸಿದಾಗ ಜನ ಚಪ್ಪಾಳೆಗೆ ಕೈ ಎತ್ತಿದರು. ಅವನು ಬೇಡ ಎಂದು ಸನ್ನೆ ಮಾಡಿ, ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದ. ಆ ಪೆನ್ಸಿಲು ನೋಡಿದ್ದೇ ನನ್ನ ಕಣ್ಣು ಪುಟದ ಅಂಚಿಗೆ ಹೋಯಿತು.

"ಮೊದಲನೇದು," ಎಂದ, ಕಮ್ಮಟದ ದನಿಯಲ್ಲೇ. "ಅಮ್ಮ ನೀರನ್ನ ಕೈಯಲ್ಲಿ ಚಿಮುಕಿಸ್ತಿರಲಿಲ್ಲ. ಬಾಯಿ ತುಂಬ ತುಂಬ್ಕೊಂಡು ಫುರ್ ಅಂತ ಊದ್ತಿದ್ಲು. ಆ ಸದ್ದಿಗೆ ನಮ್ಮ ಬೆಕ್ಕು ಫೆಲಿಪಾ ಮಂಚದ ಕೆಳಗೆ ಓಡ್ತಿತ್ತು. ಎರಡನೇದು, ನಮ್ಮನೆ ಕಿಟಕಿಯಿಂದ ನದಿ ಕಾಣಲ್ಲ. ಪಕ್ಕದ ಮನೆ ಕೋಳಿಗೂಡು ಕಾಣುತ್ತೆ."

ಜನ ನಕ್ಕರು. ನಾನು ನಿಯಮದ ಪ್ರಕಾರ ತುಟಿ ಹೊಲಿದುಕೊಂಡು ಕೂತಿದ್ದೆ.

"ಮೂರನೇದು, ಅವಳು ಯಾವ ಲಾಂಚಿಗೂ ಕಾಯ್ತಿರಲಿಲ್ಲ. ಸುರಂಗ ಶುರುವಾದಾಗ ಮೊದಲನೇ ಬಸ್ಸಲ್ಲೇ ಆ ದಡಕ್ಕೆ ಹೋಗಿ ಐಸ್‌ಕ್ರೀಮ್ ತಿಂದು ಬಂದೋಳು. ಆ ಯೂನಿಫಾರ್ಮು ಕಂಪನೀದು. ಕೆಲಸದಿಂದ ತೆಗೆದಾಗ ಅವರು ವಾಪಸ್ ಕೇಳೋದು ಮರೆತ್ರು. ಯಾವತ್ತಾದ್ರೂ ನೆನಪಾಗಿ ಬಂದು ಕೇಳ್ತಾರೆ, ಬೇರೆಯವರ ವಸ್ತು, ಸುಕ್ಕಾಗಿ ಕೊಟ್ರೆ ಏನಂದ್ಕೊಳ್ತಾರೆ, ಅಂತ ಇಸ್ತ್ರಿ ಹಾಕಿಡ್ತಿದ್ಲು. ಅಷ್ಟೇ ಇದ್ದದ್ದು. ಅವತ್ತು ಅಡುಗೆಮನೇಲಿ ಅಷ್ಟು ಹೇಳೋದು ಬಾಕಿ ಇತ್ತು, ಅಷ್ಟರಲ್ಲಿ ನೀರು ಕಾದಿತ್ತು."

ಈಗ ಯಾರೂ ನಗುತ್ತಿರಲಿಲ್ಲ. ಅವನು ಆಮೇಲಿನದನ್ನೂ ಹೇಳಿದ, ದನಿ ಏರಿಸದೆ. ಪುಸ್ತಕ ಬಂದ ಮೇಲೆ ಬೀದಿಯವರೆಲ್ಲ ಅವನ ತಾಯಿಯನ್ನು ಕಂಡರೆ ಸಾಕು, ದೋನ್ಯಾ ಅಮಾಲಿಯಾ, ಲಾಂಚು ಬಂತಾ ಎಂದು ಕೇಳಲು ಶುರು ಮಾಡಿದರಂತೆ. ಒಂದು ಶನಿವಾರ ಅವಳು ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಕಾಗದದಲ್ಲಿ ಸುತ್ತಿ, ವಾಪಸ್ ಕೊಟ್ಟುಬಿಡುತ್ತೇನೆಂದು ಇದೇ ಬಂದರಿಗೆ ಬಂದಳಂತೆ. ಕಂಪನಿ ಮುಚ್ಚಿ ಯಾವ ಕಾಲವಾಗಿತ್ತೋ. ಟಿಕೆಟ್ ಕಿಟಕಿಗೆ ಹಲಗೆ ಹೊಡೆದಿತ್ತು. ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯ ತನಕ ಮೆಟ್ಟಿಲ ಮೇಲೆ ಕೂತಿದ್ದವಳನ್ನು ಅವನೇ ಹುಡುಕಿ ಮನೆಗೆ ಕರೆದುಕೊಂಡು ಹೋದ.

"ತಗೊಳ್ಳೋಕೆ ಒಬ್ರೂ ಇಲ್ವಲ್ಲೋ, ಅಂದ್ಲು. ಆಮೇಲೆ ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ," ಎಂದು ಹೇಳಿ, ಪೆನ್ಸಿಲನ್ನು ಮೇಜಿನ ಮೇಲಿಟ್ಟ. "ನನ್ನದು ಮುಗೀತು. ಈಗ ಓದಿದವಳು ಒಂದು ವಾಕ್ಯ ಹೇಳಬಹುದು."

ಕಾಲು ಶತಮಾನದಿಂದ ಕ್ಷಮೆ ಕೇಳುವ ವಾಕ್ಯವೊಂದನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಎಷ್ಟು ಸೊಗಸಾಗಿತ್ತೆಂದರೆ ಅದರ ತುಂಬ ಸೊನ್ನೆಗಳು ಬೀಳುತ್ತಿದ್ದವು. ಅದನ್ನು ಬಿಟ್ಟೆ. ಊರೂರು ತಿರುಗಿ ಮೂಲೆ ಮಡಚಿದ್ದ, ಬೆವರು ಕುಡಿದಿದ್ದ ನನ್ನ ಆ ಓದುವ ಪ್ರತಿಯನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ.

"ಎವರಿಸ್ಟೊ, ಇದು ನಿಂದು, ಇಷ್ಟು ವರ್ಷ ನಾನು ಹಾಕ್ಕೊಂಡು ಮೆರೆದು ಸುಕ್ಕು ಮಾಡಿಬಿಟ್ಟೆ, ವಾಪಸ್ ತಗೋತೀಯಾ?"

ಅವನು ಪುಸ್ತಕದ ಮಡಚಿದ ಮೂಲೆಯನ್ನು ನೋಡಿದ. ಹೊರ್ಹೆಲಿನಾ ಗಡಿಯಾರ ನೋಡಿಕೊಂಡಳು.

"ತಗೊಳ್ಳೋಕೆ ನಾನಿದ್ದೀನಲ್ಲ," ಎಂದ.

ತೆಗೆದುಕೊಂಡ. ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೇರ ಮಾಡಿ, ಕ್ಯಾನ್ವಾಸ್ ಚೀಲದಲ್ಲಿ ಇಟ್ಟುಕೊಂಡ. ಎಂಟು ಗಂಟೆಗೆ ಕಡೆಯ ಬಸ್ಸಿದೆ ಎಂದು ಹೇಳಿ, ಸಹಿಗೆ ಸಾಲು ನಿಂತವರ ಮಧ್ಯೆ ದಾರಿ ಮಾಡಿಕೊಂಡು ಹೊರಟೇಹೋದ. ನಾನು ಮುನ್ನೂರು ಜನಕ್ಕೆ ಸಹಿ ಹಾಕುತ್ತ ಬಾಗಿಲ ಕಡೆಗೇ ನೋಡುತ್ತಿದ್ದೆ.

ಅಲ್ಲಿಂದೀಚೆಗೆ ಯಾರಾದರೂ ಇಸ್ತ್ರಿ ಪುಟ ಕೇಳಿದರೆ, ಅದು ನನ್ನ ಹತ್ತಿರ ಇಲ್ಲ, ಅದರ ಯಜಮಾನರ ಹತ್ತಿರ ಇದೆ ಎನ್ನುತ್ತೇನೆ. ಎರಡು ಉತ್ಸವದವರು ನನ್ನ ಹೆಸರು ಕೈಬಿಟ್ಟರು. ಬಿಡಲಿ.

ಆಮೇಲೆ ನೀವೀಗ ಓದುತ್ತಿರುವ ಇದನ್ನು ಬರೆದೆ. ಈ ಸಲ ಕೇಳಿದೆ. ಯಾರಿಗೂ ತೋರಿಸುವ ಮೊದಲು, ಪಕ್ಕದಲ್ಲಿ ಅಗಲ ಅಂಚು ಬಿಟ್ಟು, ಮೇಲೆ 'ಕೊಡ್ತೀಯಾ?' ಎಂದು ಬರೆದು ದಿಯಮಾಂತೆಗೆ ಕಳಿಸಿದೆ. ಆರು ವಾರ ಟಪಾಲಿನವನ ಪ್ರಾಣ ಹಿಂಡಿದೆ. ಹೋದ ಸೋಮವಾರ ವಾಪಸ್ ಬಂತು. ಮೂರು ಕಡೆ ಸೊನ್ನೆ ಇತ್ತು; ಕಣ್ಣಿಗೆ ಒತ್ತಿಕೊಂಡೆ. ಮೂರನ್ನೂ ತಿದ್ದಿದ್ದೇನೆ. ಕೊನೆಯಲ್ಲಿ ಪೆನ್ಸಿಲಿನಲ್ಲಿ ಇಷ್ಟೇ ಇತ್ತು: 'ಕೊಟ್ಟೆ, ತೀಲಿ. ಬೆಕ್ಕಿನ ಹೆಸರು ಫೆಲಿಪಾ, ಹಾಕು.'

ಹಾಕಿದ್ದೇನೆ. ಮಂಗಳವಾರದ ಮೇಜಿಗೆ ಬರುತ್ತೇನೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಒಂದೊಂದು ಹಾಳೆಯನ್ನೂ ತಿರುಗಿಸಿ ತಿರುಗಿಸಿ ನೋಡಿದೆ.