ಹತ್ತೊಂಬತ್ತು ದಿನ ಮೊದಲು ಹಾಕಿದ ಓಟು

ಚರ್ಚಿನಲ್ಲಿ ನಾವೆಲ್ಲ ಬ್ರದರ್ ಎನ್ನುವ ಓಜೆಲ್ ಸ್ಟ್ರಿಕ್ಲಂಡ್ ಅವರನ್ನು ಪೊಲೀಸರು ಹಿಡಿದುಕೊಂಡು ಹೋದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ. ಪೈನ್ ಮರಗಳ ಹಳದಿ ಪುಡಿ ಬೀದಿಯ ಕಾರುಗಳ ಮೇಲೆಲ್ಲ ಕೂತಿತ್ತು. ನಾನು ಕೆಲಸ ಮಾಡುವ ಲಾಂಡ್ರಿಗೂ ಅವರ ಕ್ಷೌರದಂಗಡಿಗೂ ನಡುವೆ ಒಂದೇ ಗೋಡೆ. ಯಾರದೋ ಒಗೆದ ಹೊದಿಕೆ ಕೊಟ್ಟು ಬರಲು ಹೋದವಳು ಆ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟೆ.

"ಸ್ಟ್ರಿಕ್ಲಂಡ್ ಅವರೇ, ಕತ್ತರಿ ಕೆಳಗಿಡಿ," ಎಂದ ಇಬ್ಬರು ಪೊಲೀಸರಲ್ಲಿ ಎತ್ತರದವನು.

"ಏನಪ್ಪಾ, ನಿಂಗೂ ಕಟಿಂಗ್ ಬೇಕಾ? ಲೈನಲ್ಲಿ ಕೂತ್ಕೋ. ಪೊಲೀಸರಿಗೆ ಬೇರೆ ಕುರ್ಚಿ ಇಟ್ಟಿಲ್ಲ ಇಲ್ಲಿ."

"ವಾರಂಟ್ ಇದೆ."

"ನಾನೇನ್ ಮಾಡ್ದೆ?"

"ಓಟ್ ಹಾಕಿದ್ರಲ್ಲ."

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬ್ರದರ್ ಓಜೆಲ್ ಕೂಡ ನಕ್ಕರು. ಬೇಡಿ ಬಿದ್ದ ಸದ್ದಿಗೆ ನಗು ನಿಂತಿತು. ಕುರ್ಚಿಯಲ್ಲಿ ಅರ್ಧ ತಲೆ ಬೋಳಾಗಿದ್ದ ಗಿರಾಕಿ ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಎದ್ದು ನಿಂತ. ಅರವತ್ತೇಳು ವರ್ಷದ ಮನುಷ್ಯ ಆ ಪೊಲೀಸಿನವನಿಗೆ, "ಇವನ ಇನ್ನೊಂದು ಕಡೆ ಮುಗಿಸಿ ಬರ್ತೀನಿ, ಐದು ನಿಮಿಷ ಕೊಡು ಮಗಾ," ಎಂದು ಕೇಳುತ್ತಿದ್ದರು. ಕೊಡಲಿಲ್ಲ.

ನನಗೆ ಹೆದರಿಕೆಯಾದದ್ದು ಅವರಿಗಾಗಿ ಅಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಕೌಂಟಿ ಕಚೇರಿಯಲ್ಲಿ ಅವರು ಮತದಾರರ ಪಟ್ಟಿಗೆ ಹೆಸರು ಬರೆಸಿದ ದಿನ ಪಕ್ಕದಲ್ಲೇ ನಿಂತು ತನ್ನ ಹೆಸರನ್ನೂ ಬರೆಸಿದವಳು ನನ್ನ ಅಕ್ಕ ವರ್ಲೀನ್. ಇಬ್ಬರನ್ನೂ ಕರೆದುಕೊಂಡು ಹೋದವಳು ನಾನೇ. ಅವರು ಒಳಗಿದ್ದಾಗ ನಾನು ಕಾರಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆ. ನವೆಂಬರ್‌ನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಓಟು ಹಾಕಿದರು.

ಅಕ್ಕ ಹೆಣ್ಣುಮಕ್ಕಳ ಜೈಲಿನಲ್ಲಿ ಆರು ವರ್ಷ ಇದ್ದು ಬಂದವಳು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತನ್ನನ್ನು ಬಿಟ್ಟುಹೋದ ಗಂಡನ ಮೀನು ಹಿಡಿಯುವ ದೋಣಿಗೆ ಬೆಂಕಿ ಹಚ್ಚಿದ್ದಳು. ಬೆಂಕಿ ಪಕ್ಕದ ಶೆಡ್ಡಿಗೆ ಹರಡಿ ಕಾವಲುಗಾರನ ಎರಡೂ ಕೈ ಸುಟ್ಟವು. ನ್ಯಾಯಾಧೀಶರು ಇಪ್ಪತ್ತು ವರ್ಷ ಎಂದರು. ಆರು ಒಳಗೆ, ಹದಿನಾಲ್ಕು ಹೊರಗೆ, ನಿಗಾದಲ್ಲಿ. ನಮ್ಮ ಕಡೆ ಅದಕ್ಕೆ 'ಕಾಗದದ ಮೇಲಿರೋದು' ಅನ್ನುತ್ತೇವೆ. ಹೊರಬಂದ ಮೂರು ವರ್ಷಕ್ಕೆ ನಿಗಾದ ಅಧಿಕಾರಿಣಿ, "ಇನ್ಮೇಲೆ ನೀವು ಬಂದು ಸಹಿ ಹಾಕ್ಬೇಕಾಗಿಲ್ಲ," ಎಂದಳು. ಅಕ್ಕ ಅಲ್ಲಿಗೆ ಎಲ್ಲ ಮುಗಿಯಿತೆಂದು ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಾರೆ. ಬ್ರದರ್ ಓಜೆಲ್ ಕೂಡ ಹಿಂದೆ ಜೈಲಿನಲ್ಲಿದ್ದು ಬಂದವರು, ಅವರಿಗೂ ಆದದ್ದು ಅದೇ. ಸಹಿ ಹಾಕುವುದು ನಿಂತಿತ್ತು, ಶಿಕ್ಷೆ ಮುಗಿದಿರಲಿಲ್ಲ. ಶಿಕ್ಷೆ ಪೂರ್ತಿ ಮುಗಿಯುವ ತನಕ ನಮ್ಮ ರಾಜ್ಯದಲ್ಲಿ ಓಟು ಹಾಕುವುದು ಅಪರಾಧ. ಅವರದು ಇನ್ನೂ ಐದು ವರ್ಷ ಬಾಕಿಯಿತ್ತಂತೆ.

ಅಂದು ಮಧ್ಯಾಹ್ನ ಸುದ್ದಿ ಹೇಳಿದಾಗ ಅಕ್ಕ ಅಡುಗೆಮನೆಯಲ್ಲಿ ಸೊಪ್ಪು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ. ನೀರು ತುಂಬಿ ಸೊಪ್ಪು ಸಿಂಕಿನ ಹೊರಗೆ ಹರಿದುಹೋಯಿತು.

"ನಂದು ಯಾವಾಗ ಮುಗೀತು ಡೆಲ್ಫಿನ್?" ಎಂದಳು.

"ಮುಗಿದಿದೆ ಬಿಡೇ. ಎಷ್ಟು ವರ್ಷ ಆಯ್ತು."

"ತಾರೀಖು ಕೇಳ್ತಿದೀನಿ."

ತಾರೀಖು ನನಗೂ ಗೊತ್ತಿರಲಿಲ್ಲ. ವಿಚಾರಿಸಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಕೇಳಿದರೆ ನಾವೇ ಹೋಗಿ ಹೆಸರು ಕೊಟ್ಟಂತಾಗುತ್ತದಲ್ಲ!

ಮರುದಿನದಿಂದ ಅವಳು ಪ್ರತಿ ಬೆಳಿಗ್ಗೆ ನನ್ನ ಫೋನ್ ನಂಬರನ್ನು ಪೆನ್ನಿನಿಂದ ಮುಂಗೈ ಮೇಲೆ ಬರೆದುಕೊಳ್ಳತೊಡಗಿದಳು. ಒಳಗೆ ಹೋದರೆ ಫೋನ್ ಕಿತ್ತುಕೊಳ್ಳುತ್ತಾರೆ, ಗಾಬರಿಯಲ್ಲಿ ನಂಬರು ನೆನಪಿಗೆ ಬರುವುದಿಲ್ಲ ಎಂದಳು. ಶಾಲೆಯ ಅಡುಗೆಮನೆಯಲ್ಲಿ ಅವಳ ಕೆಲಸ. ಮಕ್ಕಳು ಕೇಳಬಾರದೆಂದು ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟು ಹೋಗುತ್ತಿದ್ದಳು. ಮನೆಯ ಮುಂದೆ ಕಾರೊಂದು ನಿಧಾನವಾದರೆ ಸಾಕು, ಊಟದ ತಟ್ಟೆ ಬಿಟ್ಟೆದ್ದು ಹಜಾರದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಎರಡು ಕೈಯನ್ನೂ ಕಾಣುವ ಹಾಗೆ ಮುಂದಿಟ್ಟು. ಜೈಲಿನಲ್ಲಿ ತಲೆ ಎಣಿಸುವಾಗ ಹಾಗೆ ನಿಲ್ಲಬೇಕಿತ್ತಂತೆ. ತಾನು ಹಾಗೆ ನಿಂತಿದ್ದೇನೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಜೂನ್‌ನಲ್ಲಿ ಅವಳ ಹೆಸರಿಗೊಂದು ಪತ್ರ ಬಂತು. ಬ್ರದರ್ ಓಜೆಲ್ ಅವರ ವಕೀಲೆ ಮಿಸ್ ಹ್ರೂಸ್ಕಾ ಬರೆದದ್ದು. ಹೆಸರು ಬರೆಸಿದ ದಿನ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಏನು ಹೇಳಿದಳೆಂದು ಕೋರ್ಟಿನಲ್ಲಿ ಬಂದು ಹೇಳಬೇಕು, ಹಕ್ಕಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ ಎಂದು ತೋರಿಸಲು ಅದೊಂದೇ ದಾರಿ, ಕೇಳಿಸಿಕೊಂಡವರು ನೀವೊಬ್ಬರೇ ಎಂದಿತ್ತು. ನಾನು ಆ ಪತ್ರವನ್ನು ಒಡೆದು ಓದಿದೆ. ಮಡಚಿ ಲಾಂಡ್ರಿಯ ಸೋಪಿನ ಪುಡಿಯ ಡಬ್ಬಿಯ ತಳಕ್ಕೆ ಹಾಕಿದೆ. ಎರಡನೆಯದು ಬಂದಾಗಲೂ ಹಾಗೇ ಮಾಡಿದೆ. ಬ್ರದರ್ ಓಜೆಲ್ ಒಳ್ಳೆಯವರು. ನನ್ನ ಗಂಡ ಸತ್ತಾಗ ಅವನ ಮುಖಕ್ಷೌರ ಮಾಡಿದ್ದು ಅವರೇ. ಆದರೆ ನನಗಿರುವುದು ಒಬ್ಬಳೇ ಅಕ್ಕ.

ಪತ್ರಕ್ಕೆ ಉತ್ತರ ಬಾರದಿದ್ದಾಗ ವಕೀಲೆ ತಾನೇ ಮನೆಗೆ ಬಂದಳು. ಸಣ್ಣ ವಯಸ್ಸು, ಬೆವರಿ ಒದ್ದೆಯಾದ ಕಾಲರು. ಬಾಗಿಲು ಬಡಿದ ಸದ್ದಿಗೆ ಅಕ್ಕ ಗೋಡೆಗೆ ಅಂಟಿ ನಿಂತಿದ್ದಳು.

"ಮಿಸ್ ವರ್ಲೀನ್, ನಾನು ಎರಡು ಸಲ ಬರೆದೆ. ನಿಮಗೆ ಸಿಗ್ಲಿಲ್ವಾ?"

ಅಕ್ಕ ನನ್ನ ಮುಖ ನೋಡಿದಳು. ಬೇರೆ ಸಾಕ್ಷಿ ಬೇಕಿರಲಿಲ್ಲ.

ವಕೀಲೆ ಹೋದ ಮೇಲೆ ಅಕ್ಕ ಅಂದದ್ದು ಇಷ್ಟೇ: "ಬ್ರದರ್ ಓಜೆಲ್ ಹೆಂಡತಿ ಚರ್ಚಲ್ಲಿ ನನ್ನ ಮಾತಾಡಿಸೋದು ಬಿಟ್ಟಿದ್ದಾಳೆ. ಯಾಕೆ ಅಂತ ನಂಗೆ ಗೊತ್ತೇ ಆಗಿರ್ಲಿಲ್ಲ ಡೆಲ್ಫಿನ್."

"ನಿನ್ನ ಕರ್ಕೊಂಡು ಹೋದ್ರೆ?"

"ಪೊಲೀಸರು ನನ್ನೂ ಕರ್ಕೊಂಡು ಹೋಗ್ಬೇಕಿತ್ತು. ಅವರೊಬ್ರೇ ಹೋದ್ರು."

ಆದರೂ ಅವಳಿಗೆ ಹೆದರಿಕೆ ಹೋಗಲಿಲ್ಲ. ಮಿಸ್ ಹ್ರೂಸ್ಕಾಳೇ, "ನಾನು ಓಜೆಲ್ ಅವರ ವಕೀಲೆ, ನಿಮ್ಮೋಳಲ್ಲ. ಬಾಯಿ ಬಿಡೋಕೆ ಮುಂಚೆ ನಿಮ್ಮದೇ ವಕೀಲರನ್ನ ನೋಡಿ," ಎಂದು ಒಂದು ಹೆಸರು ಕೊಟ್ಟು ಹೋಗಿದ್ದಳು. ಬಡವರ ಪರ ಕೇಸು ನಡೆಸುವ ಕಚೇರಿಯ ಮುದುಕ, ಮಿಸ್ಟರ್ ಆಬರ್ನೆತಿ. ಅವರು ಹಳೆಯ ದಾಖಲೆ ತರಿಸಿ, ಕನ್ನಡಕ ಮೇಲೇರಿಸಿ, ಬೆರಳಲ್ಲಿ ಸಾಲು ಹಿಡಿದು ಓದಿದರು. ಆಮೇಲೆ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ನಿಮ್ಮ ಶಿಕ್ಷೆ ಮುಗಿದದ್ದು ಚುನಾವಣೆ ಆಗಿ ಹತ್ತೊಂಬತ್ತನೇ ದಿನಕ್ಕೆ."

"ಹತ್ತೊಂಬತ್ತು ವರ್ಷಾನಾ?" ಎಂದೆ ನಾನು ಪೆದ್ದಿಯ ಹಾಗೆ.

"ದಿನ."

ಅಕ್ಕನಿಗೆ ನಗು ಬಂತು. ಅದು ನಿಲ್ಲಲೇ ಇಲ್ಲ. ನಾನು ಅವಳ ಬೆನ್ನು ಸವರುತ್ತ ಕೂತೆ. ನಗು ಮುಗಿದಾಗ ಅವಳ ತುಟಿ ಬಿಳಿಚಿತ್ತು.

"ಈಗ ನೀವು ಓಟ್ ಹಾಕಬಹುದು, ಯಾರೂ ಕೇಳೋ ಹಾಗಿಲ್ಲ," ಎಂದರು ಮಿಸ್ಟರ್ ಆಬರ್ನೆತಿ. "ಆ ಒಂದು ಓಟಿಗೆ ಮಾತ್ರ ಕೇಸ್ ಹಾಕಬಹುದು. ಹಾಕಿದ ದಿನದಿಂದ ನಾಲ್ಕು ವರ್ಷದ ತನಕ. ನಿಮ್ಮನ್ನ ಯಾರೂ ಗಮನಿಸಿಲ್ಲ. ಗಮನಿಸೋ ಹಾಗೆ ಮಾಡ್ಕೋಬೇಡಿ. ಕೋರ್ಟಿಗೆ ಹೋದ್ರೆ ಸರ್ಕಾರಿ ವಕೀಲ ಮೊದಲು ಕೇಳೋದೇ, 'ನೀವೂ ಹಾಕಿದ್ರಾ?' ಅಂತ."

"ಉತ್ತರ ಕೊಡಲ್ಲ ಅನ್ನಬಹುದಾ?"

"ಅನ್ನಬಹುದು. ಆದ್ರೆ ಆಗ ನೀವು ಅದುವರೆಗೆ ಹೇಳಿದ್ದನ್ನೆಲ್ಲ ಹೊಡೆದುಹಾಕಿ ಅಂತ ಅವನು ಕೇಳ್ತಾನೆ. ಬಹುಶಃ ಹೊಡೆದುಹಾಕ್ತಾರೆ."

ವಿಚಾರಣೆ ಡಿಸೆಂಬರ್‌ನಲ್ಲಿ ಬಂತು. ಹಿಂದಿನ ಎರಡು ವಾರ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಹೋಗುತ್ತೇನೆ ಎಂದಳು, ಹೋಗುವುದಿಲ್ಲ ಎಂದಳು. ಆ ದಿನ ಬೆಳಿಗ್ಗೆ ಕಾರಿನಲ್ಲಿ ಕೂತ ಮೇಲೂ, "ತಿರುಗಿಸು, ಮನೆಗೆ ಹೋಗೋಣ," ಎಂದಳು. ತಿರುಗಿಸಿದೆ. ಅರ್ಧ ಮೈಲಿ ಬಂದ ಮೇಲೆ, "ಬೇಡ, ಮತ್ತೆ ತಿರುಗಿಸು," ಎಂದಳು. ಅದನ್ನೂ ಮಾಡಿದೆ. ಪೆಟ್ರೋಲ್ ಬಂಕಿನ ಹುಡುಗಿ ನಮ್ಮನ್ನು ಎರಡು ಸಲ ನೋಡಿ ಕೈ ಬೀಸಿದಳು.

ಕೋರ್ಟಿನಲ್ಲಿ ಬ್ರದರ್ ಓಜೆಲ್ ದೊಗಲೆ ಕೋಟಿನಲ್ಲಿ ಕೂತಿದ್ದರು. ಎಂಟು ತಿಂಗಳಲ್ಲಿ ಅವರ ಕೊರಳು ಕೋಳಿಯ ಕೊರಳಿನಂತಾಗಿತ್ತು. ಅಕ್ಕ ಕಟಕಟೆಗೆ ಹೋಗಿ ಪ್ರಮಾಣ ಮಾಡಿ ಹೇಳಿದಳು: ಅವರು ಕಿಟಕಿಯಲ್ಲಿದ್ದ ಹೆಂಗಸಿಗೆ ತಾವು ಜೈಲಿನಲ್ಲಿದ್ದ ವಿಷಯ ತಾವಾಗಿಯೇ ಹೇಳಿದರು, ಹೆಸರು ಬರೆಸಬಹುದೇ ಎಂದು ಕೇಳಿದರು. ಅವಳು, "ನಿಮಗೆ ಹಕ್ಕಿಲ್ದಿದ್ರೆ ಕಂಪ್ಯೂಟರೇ ಓಟರ್ ಕಾರ್ಡ್ ಕಳಿಸಲ್ಲ ಕಣ್ರೀ, ಕಾರ್ಡ್ ಬಂದ್ರೆ ಹಕ್ಕಿದೆ ಅಂತ ಅರ್ಥ," ಎಂದಳು. ಕಾರ್ಡು ಬಂತು.

ಸರ್ಕಾರಿ ವಕೀಲ ಎದ್ದ. ಮೆಲುದನಿಯ, ಸಭ್ಯ ಮನುಷ್ಯ.

"ಮೇಡಂ, ಆ ದಿನ ನೀವ್ಯಾಕೆ ಅಲ್ಲಿದ್ರಿ?"

"ನನ್ನ ಹೆಸರು ಬರೆಸೋಕೆ."

"ಆ ಚುನಾವಣೆಯಲ್ಲಿ ನೀವು ಓಟ್ ಹಾಕಿದ್ರಾ?"

ಮಿಸ್ಟರ್ ಆಬರ್ನೆತಿ ಎದ್ದು ನಿಂತರು. ಈ ಪ್ರಶ್ನೆಗೆ ನೀವು ಉತ್ತರಿಸಬೇಕಾಗಿಲ್ಲ ಎಂದು ನ್ಯಾಯಾಧೀಶರು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಬಾಗಿಲ ಬಳಿ ಸೊಂಟಕ್ಕೆ ಬೇಡಿ ಸಿಕ್ಕಿಸಿಕೊಂಡು ನಿಂತಿದ್ದ ಪೊಲೀಸಿನವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ನನಗೆ ಆ ಬೇಡಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೇಳಬೇಡ, ಹೇಳಬೇಡ ಎಂದು ಮನಸ್ಸಿನೊಳಗೇ ಕಿರುಚುತ್ತಿದ್ದೆ. ಬ್ರದರ್ ಓಜೆಲ್ ಕೂಡ ಅವಳನ್ನೇ ನೋಡುತ್ತ, ಬೇಡವೆಂಬಂತೆ ಸಣ್ಣಗೆ ತಲೆ ಅಲ್ಲಾಡಿಸಿದರು. ಅದನ್ನು ನಾನು ಕಣ್ಣಾರೆ ಕಂಡೆ.

"ಹಾಕಿದೆ ಸಾರ್," ಎಂದಳು ಅಕ್ಕ. "ನಂಗೂ ಕಾರ್ಡ್ ಬಂದಿತ್ತು. ಅವರು ಸುಳ್ಳು ಹೇಳ್ತಿದ್ರೆ ನಾನೂ ಸುಳ್ಳು ಹೇಳ್ತಿದೀನಿ. ನನಗಿಂತ ಜಾಸ್ತಿ ಅವರಿಗೇನೂ ಗೊತ್ತಿರ್ಲಿಲ್ಲ."

ಜ್ಯೂರಿಯ ಹನ್ನೆರಡು ಜನ ಒಳಗೆ ಹೋಗಿ ಒಂದೂಮುಕ್ಕಾಲು ಗಂಟೆ ಬಿಟ್ಟು ಹೊರಬಂದರು. ಬ್ರದರ್ ಓಜೆಲ್ ತಪ್ಪಿತಸ್ಥರಲ್ಲ ಎಂದರು. ಅವರ ಹೆಂಡತಿ ಬೆಂಚಿನ ಮೇಲೆ ಕುಸಿದು ಅಳುತ್ತಿದ್ದಳು. ನಾನು ಅಕ್ಕನ ತೋಳು ಹಿಡಿದು ಬಾಗಿಲ ಕಡೆ ನಡೆದೆ. ಪೊಲೀಸಿನವನು ಕೈ ಮುಂದೆ ಮಾಡಿದ. ಅಕ್ಕ ತನ್ನೆರಡೂ ಕೈ ಮುಂದಿಟ್ಟು ನಿಂತೇಬಿಟ್ಟಳು.

"ಮೆಟ್ಟಿಲಿದೆ ಅಮ್ಮಾ, ಹುಷಾರು," ಎಂದು ಅವನು ಬಾಗಿಲು ತೆರೆದು ಹಿಡಿದ.

ಆ ದಿನ ಯಾರೂ ಅವಳನ್ನು ಮುಟ್ಟಲಿಲ್ಲ. ಮರುದಿನವೂ ಇಲ್ಲ. ಸರ್ಕಾರಿ ವಕೀಲ ಎಲ್ಲವನ್ನೂ ಬರೆದುಕೊಂಡಿದ್ದನ್ನು ಮಾತ್ರ ನಾವಿಬ್ಬರೂ ನೋಡಿದ್ದೆವು. ಶಾಲೆಯವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬ್ರದರ್ ಓಜೆಲ್ ಅಂಗಡಿ ಮತ್ತೆ ತೆರೆದರು. ಓಟಿನ ಮಾತು ಯಾರಾದರೂ ಎತ್ತಿದರೆ, "ನನ್ನ ಕೈಗೆ ಕತ್ತರಿ ಒಂದಿದ್ರೆ ಸಾಕಪ್ಪಾ," ಎಂದು ರೇಡಿಯೋ ಜೋರು ಮಾಡುತ್ತಾರೆ.

ಮುಂದಿನ ಚುನಾವಣೆ ಬಂದಾಗ ಅಕ್ಕ, "ಹೋಗ್ತೀನಿ. ನೀನೂ ಬಾ," ಎಂದಳು. ನಾನು ಯಾವ ತಪ್ಪೂ ಮಾಡದವಳು, ಜೀವಮಾನದಲ್ಲಿ ಎರಡೇ ಸಲ ಓಟು ಹಾಕಿದವಳು. ಬಿಡುವಿರಲಿಲ್ಲ ಅಂತಲ್ಲ, ಸೋಮಾರಿತನ. ಸಾಲಿನಲ್ಲಿ ಅವಳ ಹಿಂದೆ ನಿಂತೆ. ಮೇಜಿನ ಹೆಂಗಸು ಹೆಸರು ಕೇಳಿ, ಪರದೆ ನೋಡಿ, ಹುಬ್ಬು ಗಂಟಿಕ್ಕಿದಳು. "ಒಂದ್ನಿಮಿಷ ಇರಿ," ಎಂದು ಎದ್ದು ಒಳಗೆ ಹೋದಳು.

ಅಕ್ಕನ ಕತ್ತಿನ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. "ಹೋಗಿಬಿಡೋಣ ಕಣೇ," ಎಂದೆ. ಅವಳು ತಿರುಗಲಿಲ್ಲ. ಆ ಹೆಂಗಸು ಒಬ್ಬ ಗಂಡಸನ್ನು ಕರೆದುಕೊಂಡು ಬಂದಳು. ಅವನು ಪರದೆಗೆ ಬಾಗಿ, ಎರಡು ಗುಂಡಿ ಒತ್ತಿ, "ನಿಮ್ಮ ಬೀದಿ ಹೆಸರು ಬದಲಾಯಿಸಿದ್ದಾರಲ್ಲ, ಅದಕ್ಕೇ ತೋರಿಸ್ತಿರ್ಲಿಲ್ಲ," ಎಂದ.

ಅಕ್ಕ ಓಟು ಹಾಕಿದಳು. ಹೊರಗೆ ಬಂದು ಪಾರ್ಕಿಂಗ್ ಜಾಗದ ಅಂಚಿನ ಪೊದೆಗೆ ಬಾಗಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದಳು. ನಾನು ಅವಳ ಹಣೆ ಹಿಡಿದುಕೊಂಡೆ.

ಮಿಸ್ಟರ್ ಆಬರ್ನೆತಿ ಹೇಳಿದ ನಾಲ್ಕು ವರ್ಷ ತುಂಬಲು ಇನ್ನೂ ಎರಡು ವರ್ಷ ಇದೆ. ಮನೆಯ ಬಾಗಿಲು ಬಡಿದರೆ ಈಗ ನಾನೇ ಎದ್ದು ಹೋಗಿ ತೆರೆಯುತ್ತೇನೆ.