ಆನೆಗಾಡಿಯ ಬಲಗೈ

ಬೈಕಿನ ಹೆಡ್‌ಲೈಟಿನ ಕೊನೆಯ ಸ್ಕ್ರೂ ಬಿಚ್ಚಿ ಭಾನುಪ್ರಿಯ ಅದನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಅಂಗಳದಲ್ಲಿ ಮಂಡಿಯೂರಿ ಕೂತ ಅವಳ ಬೆನ್ನ ಹಿಂದೆ, ಜಗುಲಿಯ ಗೋಡೆಗೆ ಒರಗಿಸಿ ಅವಳ ಅಪ್ಪ ದಾಸಪ್ಪನನ್ನು ಕೂರಿಸಿದ್ದರು. ಹೊಸ ಪಂಚೆ, ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ಒಂದು ಸೇರು ರಾಗಿಯ ಮೇಲಿಟ್ಟ ದೀಪಕ್ಕೆ ಅವನ ಹೆಂಡತಿ ಬೈರಮ್ಮ ಎಣ್ಣೆ ಹುಯ್ಯುತ್ತಿದ್ದಳು. ಇವನೀಗ ಎದ್ದು, "ಸ್ಕ್ರೂ ಬಾಯಿಗೆ ಇಕ್ಕಬ್ಯಾಡ ಕಣಮ್ಮಿ, ನುಂಗ್ಬುಟ್ಟೀಯ" ಅನ್ನುತ್ತಾನೆ ಎಂದು ಬೈರಮ್ಮನಿಗೆ ಅನ್ನಿಸುತ್ತಲೇ ಇತ್ತು. ಬೆಳಗಿನಿಂದ ಎಲ್ಲವೂ ನೀರಿನೊಳಗೆ ನಡೆದ ಹಾಗೆ ನಡೆಯುತ್ತಿತ್ತು. ಜನ ಬಂದರು, ಕಾಲು ಮುಟ್ಟಿದರು, ಬಾಯಿ ಆಡಿಸಿದರು. ಮಾತು ಒಂದು ಗಳಿಗೆ ತಡವಾಗಿ ಅವಳ ಕಿವಿಗೆ ಬೀಳುತ್ತಿತ್ತು.

ಸಾಯುವ ಮುನ್ನ ದಾಸಪ್ಪ ಕೇಳಿಕೊಂಡದ್ದು ಒಂದೇ. ತನ್ನ ಹೆಣದ ಮುಂದೆ ತನ್ನ ಗಾಡಿ ಹೋಗಬೇಕು, ಅದನ್ನು ಮಗಳು ಓಡಿಸಬೇಕು. ಅವನು ಹಾಸಿಗೆ ಹಿಡಿದ ಮೇಲೂ ಭಾನು ವಾರಕ್ಕೊಮ್ಮೆ ಗಾಡಿ ಶುರು ಮಾಡಿ ನಿಲ್ಲಿಸುತ್ತಿದ್ದಳು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹೆಡ್‌ಲೈಟು ಮಾತ್ರ ಕಣ್ಣು ಮುಚ್ಚಿತ್ತು.

ದಾಸಪ್ಪನ ತಮ್ಮ ಅನಂತರಾಜು ಕೈಗಡಿಯಾರ ನೋಡಿಕೊಂಡು ಬಂದ. "ಚನ್ನಯ್ಯ ಭಾವ ಈಗ ಕನಕಪುರದಲ್ಲಿ ಬಸ್ ಹತ್ತವ್ರಂತೆ. ಬರೋ ಹೊತ್ಗೆ ಹೊತ್ತು ಮುಳುಗ್ತದೆ."

ಚನ್ನಯ್ಯ ಬೈರಮ್ಮನ ಅಣ್ಣ, ದೊಡ್ಡಆಲಹಳ್ಳಿಯವನು. ಗಂಡ ಸತ್ತವಳಿಗೆ ತವರಿನಿಂದ ಸೀರೆ ಬಂದು ಹೆಗಲ ಮೇಲೆ ಬಿದ್ದ ಹೊರತು ಹೆಣ ಎತ್ತುವಂತಿರಲಿಲ್ಲ.

"ಗುಳಿ ತೋಡಿರೋ ನಮ್ಮ ಹೊಲಕ್ಕೆ ಮೇನ್ ರೋಡಲ್ಲಿ ಬಲಕ್ಕೆ ತಿರುಗ್ಬೇಕು. ಸಂಜೆ ಲಾರಿಗಳು ಯಮನಂಗೆ ಬತ್ತವೆ" ಅಂದ ಅನಂತರಾಜು. "ಲೈಟು, ಇಂಡಿಕೇಟ್ರು ಎರಡೂ ಹತ್ತಿದ್ರೆ ಗಾಡಿ ಹೊರಡ್ಲಿ. ಇಲ್ದಿದ್ರೆ ಬ್ಯಾಡ."

"ಇಂಡಿಕೇಟ್ರು ಯಾಕಪ್ಪ? ನಾನಿದ್ದೀನಲ್ಲ" ಅಂದಳು ಬೈರಮ್ಮ.

ಅನಂತರಾಜುವಿನ ದನಿ ಮೆತ್ತಗಾಯಿತು. "ಅತ್ಗೆ, ನೀವು ಅರಳಿಕಟ್ಟೆವರ್ಗೆ ಬರೋದು. ಅಲ್ಲಿ ಹೆಂಗಸ್ರು ಬಳೆ ತೆಗ್ಸಿ ಮನೆಗೆ ಕರ್ಕೊಂಡು ಬತ್ತಾರೆ. ಅದರಾಚೆಗೆ ಹೆಂಡ್ತಿ ಕಾಲಿಡೋ ಪದ್ಧತಿ ನಮ್ಮಲ್ಲಿ ಇಲ್ವಲ್ಲ."

ಬೈರಮ್ಮ ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೂ ಹಸಿರು ಬಳೆ.

* * *

ಆ ಗಾಡಿ ಊರಿಗೆ ಬಂದದ್ದೇ ಒಂದು ಕನಸಿನಂತೆ. ಸಾವನದುರ್ಗ ಹತ್ತಲು ಬಂದ ಯಾರೋ ಒಬ್ಬ, ಕೆಟ್ಟು ನಿಂತ ಗಾಡಿಗೆ ಬೈದು ಬೈದು ಸಾಕಾಗಿ, ಯಾರಾದರೂ ಕೊಂಡರೆ ಕೊಟ್ಟೇಬಿಡುತ್ತೇನೆ ಅಂದಿದ್ದ. ದೇಶ ಸುತ್ತುವವರ ಗಾಡಿ ಅದು. ಎದೆಗೆ ಗಾಳಿ ಬಡಿಯದಂತೆ ಮುಂದೊಂದು ಗಾಜು, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಹಿಂದೆ ಕೂರುವವರಿಗೆ ಕುರ್ಚಿಯಂಥ ಸೀಟು. ದಾಸಪ್ಪ ಅರ್ಧ ಹಿಂಡು ಮಾರಿ ಅದನ್ನು ಮನೆಗೆ ತಳ್ಳಿಕೊಂಡು ಬಂದ.

"ಕುರಿ ಮಾರಿ ಆನೆ ಕಟ್ಟವ್ನೆ ನೋಡ್ಲಾ!" ಎಂದು ಊರು ನಕ್ಕಿತು. ನಗೆ ಮುಗಿಯಿತು, ಹೆಸರು ಉಳಿಯಿತು. ಆನೆಗಾಡಿ.

ಕುರಿ ಕಾಯುವವರ ಕಾಲು ನಿಂತಲ್ಲಿ ನಿಲ್ಲದು. ಅವನ ಅಪ್ಪ, ಅಜ್ಜ ಎಲ್ಲ ಬೇಸಿಗೆ ಬಂದರೆ ಹಿಂಡು ಹೊಡೆದುಕೊಂಡು ಮೇವಿದ್ದ ಸೀಮೆಗೆ ಹೊರಟವರೇ. ಮೇವಿನ ಬಯಲಿಗೆಲ್ಲ ಬೇಲಿ ಬಿದ್ದ ಮೇಲೆ ಕುರಿಗೆ ದಾರಿ ಇಲ್ಲದಾಯಿತು, ದಾಸಪ್ಪನ ಅಂಗಾಲಿನ ತುರಿಕೆ ಹೋಗಲಿಲ್ಲ. ರಾಗಿ ಕಣ ಮುಗಿದ ಮಾರನೆಯ ಬೆಳಿಗ್ಗೆ ಪೆಟ್ಟಿಗೆಗೆ ರೊಟ್ಟಿ, ಹುರಿಹಿಟ್ಟು, ಒಂದು ಕಂಬಳಿ ತುಂಬಿ "ಹತ್ತು" ಅನ್ನುತ್ತಿದ್ದ. ಎಲ್ಲಿಗೆ ಎಂದು ಅವನು ಹೇಳುತ್ತಿರಲಿಲ್ಲ, ಬೈರಮ್ಮ ಕೇಳುತ್ತಿರಲಿಲ್ಲ. ತಲಕಾವೇರಿಯ ಮಂಜಿನೊಳಗೆ ಹೊಕ್ಕು ಹೊರಬಂದರು. ರಾಮೇಶ್ವರದಲ್ಲಿ ಎರಡೂ ಕಡೆ ನೀರೇ ನೀರು ಇದ್ದ ಸೇತುವೆಯ ಮೇಲೆ ಹೋಗುವಾಗ, ತಾನು ಬದುಕಿದ್ದೇನೋ ಇಲ್ಲವೋ ಎಂದು ಅವಳು ಒಮ್ಮೆ ತೊಡೆ ಚಿವುಟಿಕೊಂಡಿದ್ದಳು.

ಇಂಡಿಕೇಟರು ಮಾತ್ರ ಮೊದಲ ವರ್ಷವೇ ಕೆಟ್ಟಿತು. "ವೈರು ಸುಟ್ಟೋಗೈತೆ, ಅದು ಆಗೋ ಕೆಲ್ಸ ಅಲ್ಲ ಬುಡು" ಅಂದಿದ್ದ ದಾಸಪ್ಪ. ತಿರುವು ಬಂದರೆ ಮೊಣಕೈಯಿಂದ ಅವಳ ಮಂಡಿ ತಟ್ಟುವನು. ಎಡ ಮಂಡಿ ತಟ್ಟಿದರೆ ಅವಳು ಎಡಗೈ ಚಾಚಬೇಕು, ಬಲ ಮಂಡಿ ತಟ್ಟಿದರೆ ಬಲಗೈ. ಇಂಡಿಕೇಟರ್ ಬೈರಮ್ಮ ಎಂದು ಊರು ಅವಳಿಗೂ ಒಂದು ಹೆಸರಿಟ್ಟಿತು.

ಗೋಕರ್ಣದ ಮರಳಲ್ಲಿ ಕೂತಾಗ ಅವಳು ಧೈರ್ಯ ಮಾಡಿ ಕೇಳಿದ್ದಳು. "ಎಲ್ಲಿ ಹೋದ್ರೂ ನನ್ನ ಯಾಕೆ ಕರ್ಕೊಂಡು ಹೋಯ್ತೀಯ?"

ದಾಸಪ್ಪ ಕಡಲಿನ ಕಡೆಗೇ ನೋಡುತ್ತ, "ಇಂಡಿಕೇಟ್ರು ಇಲ್ವಲ್ಲ, ಅದ್ಕೆ" ಅಂದು ನಕ್ಕ.

ಅವಳೂ ನಕ್ಕಳು. ಆದರೆ ಆ ಮಾತು ಅಂಗಾಲಿಗೆ ಹೊಕ್ಕ ಜಾಲಿಮುಳ್ಳಿನ ಹಾಗೆ ಒಳಗೇ ಉಳಿಯಿತು. ಒಂದು ದಿನವೂ ಹೆಸರು ಹಿಡಿದು ಕರೆಯದವನು, ಸೀರೆ ಚೆನ್ನಾಗಿದೆ ಅನ್ನದವನು. ಕೆಟ್ಟ ವೈರಿನ ಬದಲಿಗೆ ತಾನು. ಅವನು ಹಾಸಿಗೆ ಹಿಡಿದಾಗ ಇನ್ನೊಮ್ಮೆ ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಬಂದದ್ದು "ಗಂಜಿ ಕುಡೀತೀಯಾ?" ಅನ್ನುವ ಮಾತು.

* * *

ಮಾಗಡಿಯಲ್ಲಿ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ ಕೆಹಕಶಾನ್ ಸ್ಕೂಟರಿನಲ್ಲಿ ಬಂದಿಳಿದಳು. ದಾಸಪ್ಪನ ಕಾಲಿಗೆ ಹೂವಿಟ್ಟು, ಬೈರಮ್ಮನ ಕೈ ಹಿಡಿದು ಕೂತಳು. ಆಮೇಲೆ ಚೀಲದಿಂದ ಒಂದು ದೊಡ್ಡ ಬಲ್ಬು, ಇಂಡಿಕೇಟರಿನ ನಾಲ್ಕು ಚಿಕ್ಕ ಬಲ್ಬು ತೆಗೆದಳು.

"ಎಷ್ಟು ಸಲ ಹೆಡ್‌ಲೈಟ್ ಬಲ್ಬು ತಗೊಂಡವ್ರೆ ದಾಸಣ್ಣ. ಈ ಚಿಕ್ಕವು ಮಾತ್ರ ಸುಮ್ನೆ ಕೊಡ್ತೀನಿ ಅಂದ್ರೂ ಬೇಡ ಅಂತಿದ್ರು" ಅಂದಳು.

ಭಾನು ದೊಡ್ಡ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಒಳಗಿಟ್ಟಳು. ಬೆರಳಿನ ಜಿಡ್ಡು ಗಾಜಿಗೆ ತಾಗಿದರೆ ಬೇಗ ಸುಟ್ಟುಹೋಗುತ್ತದೆ ಎಂದು ಅಪ್ಪ ಕಲಿಸಿದ್ದ. ಸ್ವಿಚ್ಚು ಒತ್ತಿದಳು. ಎದುರಿನ ಗೋಡೆಯ ಮೇಲೆ ಬಿಳಿಯ ಬೆಳಕು ಬಿತ್ತು. ಆಮೇಲೆ ಹಿಂದಿನ ಬಲಗಡೆಯ ಇಂಡಿಕೇಟರಿನ ಹಳದಿ ಮುಚ್ಚಳ ಬಿಚ್ಚಿದವಳು ಹಾಗೇ ನಿಂತಳು.

"ಅವ್ವಾ, ಇದ್ರಲ್ಲಿ ಬಲ್ಬೇ ಇಲ್ಲ."

"ಸುಟ್ಟೋಗಿರ್ಬೇಕು."

"ಸುಟ್ಟಿದ್ರೆ ಒಳಗೇ ಇರ್ಬೇಕಲ್ಲ. ಯಾರೋ ಬಿಚ್ಚವ್ರೆ." ಉಳಿದ ಮೂರನ್ನೂ ಬಿಚ್ಚಿದಳು. ಮೂರೂ ಖಾಲಿ. ತುಕ್ಕು ಹಿಡಿಯದಂತೆ ಒಳಗೆ ಗ್ರೀಸು ಸವರಿತ್ತು. ಹೊಸ ಬಲ್ಬು ಒತ್ತಿ ತಿರುಗಿಸಿ ಸ್ವಿಚ್ಚು ತಳ್ಳಿದಳು. ಹಳದಿ ಬೆಳಕು ಹತ್ತಿ ಆರಿ, ಹತ್ತಿ ಆರಿ ಮಿನುಗತೊಡಗಿತು. "ವೈರು ಸುಟ್ಟಿಲ್ಲ ಕಣವ್ವ" ಅಂದಳು ಭಾನು ಮೆಲ್ಲಗೆ. "ಯಾವತ್ತೂ ಸುಟ್ಟಿರ್ಲಿಲ್ಲ."

ಸೀಟಿನಡಿಯ ಸಾಮಾನಿನ ಚೀಲ ಕೊಡವಿದಾಗ ಪುಟ್ಟ ಗಂಟೊಂದು ಉರುಳಿತು. ಬಟ್ಟೆಯನ್ನು ಬೈರಮ್ಮ ನೋಡಿದೊಡನೆ ಗುರುತು ಹಿಡಿದಳು. ಮೊದಲ ಸಲ ಹೊರಟಾಗ ಚೈನಿಗೆ ಸಿಕ್ಕಿ ಹರಿದಿದ್ದ ಅವಳ ಸೀರೆಯ ಸೆರಗು. ಅದರೊಳಗೆ ನಾಲ್ಕು ಹಳೆಯ ಬಲ್ಬು. ಕೆಹಕಶಾನ್ ಒಂದನ್ನು ಬೆಳಕಿಗೆ ಹಿಡಿದಳು.

"ತಂತಿ ಚೆನ್ನಾಗೇ ಐತೆ ಬೈರಕ್ಕ. ಇವು ಇವತ್ತಿಗೂ ಉರೀತವೆ."

ಬೈರಮ್ಮ ಗೋಡೆಗೊರಗಿದ್ದ ಗಂಡನ ಕಡೆ ತಿರುಗಿದಳು. "ಅಯ್ಯೋ ಕಳ್ಳಾ" ಅಂದಳು. "ಬಾಯಿಬುಟ್ಟು ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ!" ಬೆಳಗಿನಿಂದ ಎಲ್ಲೋ ಕಟ್ಟಿಕೊಂಡಿದ್ದ ಅಳು ಆಗ ಬಂತು. ಅಳುತ್ತ ಅಳುತ್ತ ನಡುವೆ ನಕ್ಕಳು. ಅವಳಿಗೆ ಸಂತೋಷವಾಗಿತ್ತು. ಹೆಣದ ಮುಂದೆ ಕೂತು ಸಂತೋಷಪಡುವುದು ಹೇಗೆಂದು ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

* * *

ಹೊತ್ತು ಇಳಿಯುವಾಗ ಚನ್ನಯ್ಯ ಬಂದ. ತಂಗಿಯ ಹೆಗಲಿಗೆ ಸೀರೆ ಹೊದಿಸಿ ಅವಳ ತಲೆ ನೇವರಿಸಿದ. ಅನಂತರಾಜು ತಮಟೆಯವರಿಗೆ ಕೈ ಮಾಡಿದ. "ಲೈಟು, ಇಂಡಿಕೇಟ್ರು ಎಲ್ಲ ಸರಿಯಾಯ್ತು. ಎತ್ರಪ್ಪ."

"ಒಸಿ ತಡಿ" ಅಂದಳು ಬೈರಮ್ಮ. "ಭಾನು, ಬಲ್ಬು ಬಿಚ್ಚು."

"ಯಾವ್ದವ್ವ?"

"ದೊಡ್ಡದು ಇರ್ಲಿ. ಚಿಕ್ಕವು ನಾಲ್ಕೂ ಬಿಚ್ಚು."

ಭಾನು ಅವ್ವನ ಮುಖ ನೋಡಿದಳು. ಸ್ಕ್ರೂಡ್ರೈವರ್ ತೆಗೆದುಕೊಂಡಳು. ಒಂದೊಂದೇ ಬಲ್ಬು ಬೈರಮ್ಮನ ಅಂಗೈಗೆ ಬಂತು. ಅವನ್ನೂ ಅದೇ ಸೆರಗಿನ ಚೂರಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದೇನು ಅತ್ಗೆ ನೀವು ಮಾಡ್ತಿರೋದು?" ಅನಂತರಾಜು ಗಾಬರಿಯಾದ.

"ಇಂಡಿಕೇಟ್ರು ಇಲ್ದೆ ಗಾಡಿ ಹೊರಡಂಗಿಲ್ಲ ಅಂದೋನು ನೀನೇ ಅಲ್ವೇನಪ್ಪ? ಈಗ ಇಲ್ಲ. ತಿರುವು ಅರಳಿಕಟ್ಟೆಯಿಂದ ಆಚೆಗೈತೆ. ಕೈ ತೋರ್ಸೋರು ಯಾರು?"

"ಪದ್ಧತಿ ಅಂತ ಒಂದೈತೆ. ಜನ ಏನಂತಾರೆ? ಭಾವ, ನೀವಾದ್ರೂ ಹೇಳಿ."

ಚನ್ನಯ್ಯ ತಂಗಿಯ ಬಳೆಗಳನ್ನೂ, ಗೋಡೆಗೊರಗಿದ ದಾಸಪ್ಪನನ್ನೂ ನೋಡಿದ. "ಬಳೆ ತೆಗ್ಯೋದು ಗುಳಿ ಹತ್ರಾನೂ ಆಯ್ತದೆ, ಅನಂತು. ಬುಡು, ಹೋಗ್ಲಿ. ದೇಶ ಎಲ್ಲ ಜೊತೇಲಿ ತಿರುಗ್ದೋಳ್ನ ಕಡೇ ತಿರುವಲ್ಲಿ ಇಳಿ ಅನ್ನೋದು ಹೆಂಗ್ಲಾ?"

ಅನಂತರಾಜು ಅಣ್ಣನ ಮುಖ ನೋಡಿದ. ಟವೆಲಿನಿಂದ ಕಣ್ಣೊರೆಸಿಕೊಂಡು, ಅಣ್ಣನನ್ನು ಕೂರಿಸಿದ ಹೂವಿನ ಪಲ್ಲಕ್ಕಿಗೆ ತಾನೇ ಮೊದಲು ಹೆಗಲು ಕೊಟ್ಟ.

ಬೈರಮ್ಮ ಭಾನುವಿನ ಹಿಂದೆ ಹತ್ತಿ ಕೂತಳು. ಗಾಡಿ ಜನರ ನಡಿಗೆಗೆ ಸರಿಯಾಗಿ ಮೆಲ್ಲಗೆ ಹೊರಟಿತು. ಹೆಡ್‌ಲೈಟಿನ ಬೆಳಕಿನಲ್ಲಿ ರಸ್ತೆಯ ಧೂಳು ಮೇಲೆದ್ದು, ತಲಕಾವೇರಿಯ ಮಂಜಿನಂತೆ ತೇಲಿ ಹಿಂದಕ್ಕೆ ಹೋಗುತ್ತಿತ್ತು. ಹಿಂದೆ ತಮಟೆ, ಅದರ ಹಿಂದೆ ಕುಳಿತ ಭಂಗಿಯಲ್ಲೇ ದಾಸಪ್ಪ. ಅರಳಿಕಟ್ಟೆಯ ಬಳಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರು ಮುಂದೆ ಬಂದರು. ಗಾಡಿ ನಿಲ್ಲದ್ದು ಕಂಡು ಒಬ್ಬರ ಮುಖ ಒಬ್ಬರು ನೋಡಿ ಪಕ್ಕಕ್ಕೆ ಸರಿದರು.

ಮೇನ್ ರೋಡಿನ ಎದುರುಗಡೆಯಿಂದ ಒಂದು ಲಾರಿ ಬರುತ್ತಿತ್ತು. ಭಾನು ಹಿಂದಿರುಗಿ ನೋಡಲಿಲ್ಲ. ಅಪ್ಪನ ಹಾಗೆಯೇ, ಮೊಣಕೈಯಿಂದ ಅವ್ವನ ಬಲ ಮಂಡಿಯನ್ನು ಒಮ್ಮೆ ತಟ್ಟಿದಳು.

ಬೈರಮ್ಮ ಬಲಗೈ ಚಾಚಿದಳು. ಲಾರಿಯ ಬೆಳಕು ಬಿದ್ದು ಹಸಿರು ಬಳೆಗಳೆಲ್ಲ ಒಟ್ಟಿಗೆ ಹೊಳೆದವು. ಲಾರಿ ನಿಧಾನವಾಗಿ, ಕೊನೆಗೆ ಪೂರ್ತಿ ನಿಂತಿತು. ಚಾಲಕ ಇಂಜಿನ್ ಆರಿಸಿದ. ಗಾಡಿ ತಿರುಗಿತು, ತಮಟೆ ತಿರುಗಿತು. ಚಾಚಿದ ಕೈ ಹಾಗೇ ಇತ್ತು. ಅದು ತೋರಿದ ಕಡೆಗೆ, ಹೂವಿನ ನಡುವೆ ಕೂತ ದಾಸಪ್ಪ ಬಲಕ್ಕೆ ತಿರುಗಿದ.