ಅಜ್ಜಿಯ ಅಳತೆಯ ಗಾಡಿ

ಮಾವನ ಗಾಡಿಗೆ ಅತ್ತೆ ಇಟ್ಟ ಹೆಸರು ಸವತಿ. ಮೊದಮೊದಲು ಅದು ಬೈಗುಳವಾಗಿತ್ತು, ಆಮೇಲೆ ಮನೆಯವರೆಲ್ಲರ ಬಾಯಲ್ಲೂ ಅದೇ ನಿಂತುಹೋಯಿತು.

"ಸವತಿಗೆ ಆಯಿಲ್ ಹಾಕಿ ಆಯ್ತಂತಾ?" ಎಂದು ಅಜ್ಜಿಯೇ ಕೇಳುತ್ತಿದ್ದಳು.

"ಆಯ್ತು. ಈಗ ಸ್ನಾನ ಮಾಡಿಸ್ತಿದಾರೆ. ನಾನು ಕೊಟ್ಟ ಚಹಾ ಅಲ್ಲೇ ಆರಿಹೋಗಿದೆ," ಎಂದು ಅತ್ತೆ ಅಡುಗೆಮನೆಯ ಕಿಟಕಿಯಿಂದಲೇ ಉತ್ತರ ಕೊಡುತ್ತಿದ್ದಳು.

ಏಳೆಂಟು ಜನ ಆರಾಮಾಗಿ ಕೂರಬಹುದಾದ ಹಳೆಯ ಎಸ್‌ಯುವಿ ಅದು. ಯಾರೋ ಕೈಬಿಟ್ಟಿದ್ದನ್ನು ಮಾವ ತಂದು, ಮನೆಗೆ ಅಂಟಿಕೊಂಡಿದ್ದ ತನ್ನ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡಿದ್ದ. ಅಜ್ಜಿಯನ್ನು ಅವಳ ಅಕ್ಕನ ಹತ್ತಿರ ಕರೆದೊಯ್ಯಬೇಕು, ಅದಕ್ಕೆಂದೇ ಈ ಗಾಡಿ.

ಆ ಅಕ್ಕ, ಅಂದರೆ ನನ್ನ ದೊಡ್ಡಜ್ಜಿ, ಹೊಳೆಯಾಚೆಯ ಎತ್ತರದ ಬಯಲಿನಲ್ಲಿ ಕುರಿ ಸಾಕುವ ಮಗ, ಸೊಸೆಯ ಜೊತೆ ಇದ್ದಳು. ಸೇತುವೆ ಕೊಚ್ಚಿಹೋದ ಮೇಲೆ ಅಲ್ಲಿಗೆ ಉಳಿದ ದಾರಿ ಬೇಸಿಗೆಯಲ್ಲಿ ಒಣಗುವ ಹೊಳೆಯೊಂದೇ. ಬರೀ ಬಂಡೆ, ಗುಂಡುಕಲ್ಲು. ದೊಡ್ಡಜ್ಜಿಗೆ ಕಣ್ಣು ಹೋಗಿತ್ತು. ಫೋನ್ ಮಾಡೋಣವೆಂದರೆ ಅಕ್ಕತಂಗಿಯರಿಬ್ಬರಿಗೂ ಕಿವಿ ಮಂದ. ಸ್ವಲ್ಪ ಹೊತ್ತು ಕೂಗಾಡಿ, ಕೊನೆಗೆ ಇಬ್ಬರೂ ಫೋನನ್ನು ಕೆನ್ನೆಗೊತ್ತಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು.

"ಒಂದ್ಸಲ ಅವಳ ಕಿವಿಗೆ ಬಾಯಿಟ್ಟು ಮಾತಾಡ್ಬೇಕು ಕಣೋ," ಎಂದು ಅಜ್ಜಿ ಮಾವನಿಗೆ ಹೇಳಿದ ದಿನದಿಂದ ಸವತಿಯ ಸೇವೆ ಶುರುವಾಯಿತು.

ಮಾವ ಅಳತೆಟೇಪು ಹಿಡಿದು ಹೊಳೆಗೆ ಹೋಗಿ ಕಲ್ಲುಗಳ ಎತ್ತರ ಅಳೆದುಕೊಂಡು ಬಂದ. ಗಾಡಿಗೆ ಎತ್ತರದ ಸ್ಪ್ರಿಂಗು, ಉದ್ದನೆಯ ಶಾಕ್ ಅಬ್ಸಾರ್ಬರು, ನನ್ನ ಸೊಂಟದವರೆಗೆ ಬರುವ ಟೈರು ಹಾಕಿದ. ಎಂಜಿನ್ನಿನ ಅಡಿಗೆ ಉಕ್ಕಿನ ದಪ್ಪ ತಗಡು ಬಿಗಿದ. ನಾನು ಗಾಡಿಯ ಕೆಳಗೆ ಅಂಗಾತ ಮಲಗಿ ಕೀಲುಕೀಲಿಗೂ ಗ್ರೀಸ್ ತುಂಬುತ್ತಿದ್ದೆ. ಹಳೆಯದು ಕಪ್ಪಗೆ ಹೊರಬಿದ್ದು, ಅದರ ಹಿಂದೆ ಹೊಸದು ಜೇನಿನ ಬಣ್ಣದಲ್ಲಿ ಇಣುಕುವ ತನಕ ಗ್ರೀಸ್ ಗನ್ ಒತ್ತುತ್ತಲೇ ಇರಬೇಕು. ಒತ್ತುತ್ತ ಒತ್ತುತ್ತ ನನಗೆ ಅಜ್ಜಿಯ ಕತೆಯ ರಾಕ್ಷಸ ನೆನಪಾಗುತ್ತಿದ್ದ. ಅವನ ಹೊಟ್ಟೆಯೊಳಗೆ ಒಂದು ಊರೇ ಇತ್ತು, ಊರಿಗೊಂದು ಬೀದಿ, ಬೀದಿಯ ಕೊನೆಗೆ ದೀಪ ಹಚ್ಚಿಕೊಂಡು ಕಾಯುವ ಹುಡುಗಿ.

ಮಾವ ಸ್ಪ್ಯಾನರಿನಿಂದ ನನ್ನ ಪಾದಕ್ಕೆ ತಟ್ಟುತ್ತಿದ್ದ. "ಏನೇ, ನಿದ್ದೆ ಹೋದ್ಯಾ?"

"ಇಲ್ಲ ಮಾವ, ರಾಕ್ಷಸನ ಕರುಳು ನೋಡ್ತಿದೀನಿ."

"ಅದು ಪ್ರೊಪೆಲ್ಲರ್ ಶಾಫ್ಟು. ಅಮ್ಮಾ, ಈ ಹುಡುಗಿ ತಲೆಗೆ ಏನೇನು ತುಂಬಿಟ್ಟಿದೀಯಾ ನೀನು?"

ಬಾಗಿಲ ಬಳಿಯ ಬೆತ್ತದ ಕುರ್ಚಿಯಿಂದ ಅಜ್ಜಿ ಹೇಳುತ್ತಿದ್ದಳು, "ನಿನ್ನ ತಲೆಗೆ ತುಂಬಿದ್ದನ್ನೇ. ನಿಂದು ಸೋರಿಹೋಯ್ತು, ಅವಳದು ನಿಂತಿದೆ."

ಸವತಿ ಸಿದ್ಧಳಾಗುವ ಹೊತ್ತಿಗೆ ಮೋಡಗಳು ಬಂದು ಇಣುಕಿ ಹೋಗತೊಡಗಿದ್ದವು. ಮಳೆ ಹಿಡಿದರೆ ಹೊಳೆ ತುಂಬುತ್ತದೆ, ಮುಂದಿನ ಬೇಸಿಗೆಯವರೆಗೆ ದಾರಿ ಬಂದ್. ಆ ವಯಸ್ಸಿನ ಇಬ್ಬರ ವಿಷಯದಲ್ಲಿ ಮುಂದಿನ ಬೇಸಿಗೆಯ ಮಾತನ್ನು ನಾವು ಯಾರೂ ಎತ್ತುತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಜ್ಜಿ ಶಾಲು ಹೊದ್ದು, ಕೈಚೀಲ ಹಿಡಿದು ಬಂದಳು. ಮಾವ ಬಾಗಿಲು ತೆರೆದು ಪಕ್ಕಕ್ಕೆ ಸರಿದ. ಗಾಡಿಯ ತಳ ಅಜ್ಜಿಯ ಸೊಂಟದ ಮಟ್ಟಕ್ಕಿತ್ತು, ಸೀಟು ಎದೆಮಟ್ಟಕ್ಕೆ. ಅವಳು ಒಂದು ಕಾಲು ಎತ್ತಿದಳು, ಮತ್ತೆ ನೆಲಕ್ಕಿಟ್ಟಳು.

ನಮಗೆ ಆಗ ಅರ್ಥವಾಯಿತು. ಅಷ್ಟು ದಿನ ಆ ಗಾಡಿಯ ಸುತ್ತ ಸುಳಿದಿದ್ದರೂ ಅಜ್ಜಿಯನ್ನು ಒಮ್ಮೆ ಹತ್ತಿಸಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಾವ ಹೊಳೆಯ ಕಲ್ಲು ಅಳೆದಿದ್ದ, ಅಮ್ಮನ ಮಂಡಿಯನ್ನಲ್ಲ.

ಅತ್ತೆ ಓಡಿಹೋಗಿ ಸ್ಟೂಲು ತಂದಳು. ಆದರೆ ಮೆಟ್ಟಿಲೆಂಬುದೇ ಅಜ್ಜಿಯ ಮಂಡಿಗೆ ಆಗದ ವಸ್ತು. ಯಾವ ಗಾಡಿಯಾದರೂ ಅವಳು ಹಿಂದುಹಿಂದಕ್ಕೆ ಹೋಗಿ ಸೀಟಿಗೆ ಸೊಂಟ ಊರಿ, ಆಮೇಲೆ ಕಾಲುಗಳನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದಳು.

"ಬಾಮ್ಮಾ, ನಾನೇ ಎತ್ತಿ ಕೂರಿಸ್ತೀನಿ," ಎಂದ ಮಾವ.

"ಬೇಡಪ್ಪ. ನನ್ನನ್ನ ಎತ್ಕೊಂಡು ಹೋಗೋ ದಿನ ಹೇಗೂ ಬರತ್ತೆ, ಅವತ್ತು ಎತ್ತು. ಅಕ್ಕನ ಮನೆಗೆ ಮೂಟೆ ಥರ ಹೋಗಲ್ಲ."

ಹೇಳಿದ್ದು ತಮಾಷೆಯಾಗಿಯೇ. ಆದರೆ ಒಳಗೆ ಹೋಗಿ ಶಾಲು ಮಡಿಚುವಾಗ ಅವಳ ಕೈ ತುಂಬ ಹೊತ್ತು ತೆಗೆದುಕೊಂಡಿತು. "ನೀವಿಬ್ರೂ ಹೋಗಿ ಬನ್ನಿ. ನಾನು ಚೆನ್ನಾಗಿದೀನಿ ಅಂತ ಅವಳ ಕಿವಿಯಲ್ಲಿ ಹೇಳಿ," ಎಂದಳು.

ಮಾವ ಟೈರಿಗೆ ಒರಗಿ ನಿಂತೇ ಇದ್ದ. ಆಮೇಲೆ ಟೇಪು ಹಿಡಿದು ಒಳಗೆ ಬಂದು ಅಜ್ಜಿಯ ಮುಂದೆ ಮೊಣಕಾಲೂರಿದ.

"ಸ್ವಲ್ಪ ಎದ್ದು ನಿಂತ್ಕೋ ಅಮ್ಮ."

"ಏನೋ ಇದು, ದರ್ಜಿ ಕೆಲಸ ಶುರು ಮಾಡಿದ್ಯಾ?"

ಮಾವ ನೆಲದಿಂದ ಅವಳ ಮಂಡಿಗೆ, ನೆಲದಿಂದ ಸೊಂಟಕ್ಕೆ ಅಳೆದ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಬೀಳಬಾರದೆಂದೋ, ಸುಮ್ಮನೆಯೋ.

ಅವತ್ತೇ ಸವತಿಗೆ ಜಾಕ್ ಕೊಟ್ಟೆವು. ಅಷ್ಟು ಆಸೆಯಿಂದ ಹಾಕಿದ್ದ ಎತ್ತರದ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಬಿಚ್ಚಿದ್ದಾಯಿತು, ದೊಡ್ಡ ಟೈರು ಇಳಿಸಿದ್ದಾಯಿತು. ಹಳೆಯ ಸ್ಪ್ರಿಂಗಿನ ಮೇಲೆ ಅತ್ತೆ ಹೂಕುಂಡ ಇಟ್ಟುಕೊಂಡಿದ್ದಳು, ಕುಂಡ ಕೆಳಗಿಳಿಸಿ ತೆಗೆದುಕೊಟ್ಟಳು. ನಡುವಿನ ಸೀಟಿನ ಅಡಿಯ ಕಬ್ಬಿಣದ ಚೌಕಟ್ಟನ್ನು ಮಾವ ಕತ್ತರಿಸಿ ತಗ್ಗಿಸಿ ಮತ್ತೆ ಬೆಸೆದ. ಎಲ್ಲ ಮುಗಿದಾಗ ಅಜ್ಜಿ ಬಂದು ಹಿಂದುಹಿಂದಕ್ಕೆ ಹೋಗಿ, ಸೀಟಿಗೆ ಸೊಂಟ ಊರಿದಳು. ಕಾಲುಗಳನ್ನು ಎತ್ತಿ ಒಳಗಿಟ್ಟುಕೊಂಡಳು.

"ಈಗ ನನ್ನ ಗಾಡಿ," ಎಂದಳು.

"ಗಾಡಿ ನಿಂದೇ ಅಮ್ಮ, ಆದ್ರೆ ಹೊಟ್ಟೆ ಕಲ್ಲಿಗೆ ತಗಲತ್ತೆ," ಎಂದ ಮಾವ.

ಹೊಳೆಯ ದಂಡೆಯಲ್ಲಿ ಮಾವ ಟೈರುಗಳ ಗಾಳಿ ಇಳಿಸಿದ, ಅವು ಕಲ್ಲನ್ನು ಅಪ್ಪಿ ಹಿಡಿಯಲೆಂದು. ನಾನು ಮುಂದೆ ನಡೆದು ದಾರಿ ತೋರಿಸಬೇಕಿತ್ತು. "ದೊಡ್ಡ ಕಲ್ಲನ್ನ ಹೊಟ್ಟೆ ಕೆಳಗೆ ಬಿಡ್ಬೇಡ, ಚಕ್ರದ ಕೆಳಗೇ ತಾ. ಕನಸು ಆಮೇಲೆ ಕಾಣ್ಬಹುದು," ಎಂದು ಮಾವ ಎಚ್ಚರಿಸಿದ.

ನಾನು ಹಿಂದಕ್ಕೆ ನಡೆಯುತ್ತ, ಎರಡೂ ಕೈಯಲ್ಲಿ ಎಡ, ಬಲ ತೋರಿಸುತ್ತ ಹೋದೆ. ಸವತಿ ಲೋ ಗೇರಿನಲ್ಲಿ ಗೊಣಗುತ್ತ, ಒಂದೊಂದೇ ಕಲ್ಲನ್ನು ಹತ್ತಿ ಇಳಿಯುತ್ತ ಬಂದಳು. ಆಗಾಗ ಅಡಿಯ ತಗಡು ಕಲ್ಲಿಗೆ ಉಜ್ಜಿ ಕಿರ್ರೆನ್ನುತ್ತಿತ್ತು. ಮಾವ ತನ್ನ ಚರ್ಮವೇ ತರಚಿದಂತೆ ಮುಖ ಹಿಂಡುತ್ತಿದ್ದ. ಅಜ್ಜಿ ಸೀಟು ಹಿಡಿದುಕೊಂಡು, "ಉಜ್ಜಲಿ ಬಿಡೋ, ಅವಳಿಗೂ ಬೆನ್ನು ತುರಿಸ್ತಿರ್ಬೇಕು," ಎನ್ನುತ್ತಿದ್ದಳು.

ಆಚೆ ದಂಡೆ ಇನ್ನೇನು ಬಂತೆನ್ನುವಾಗ ಗಾಡಿ ಒಂದು ಬಂಡೆಯ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಚಕ್ರಗಳು ಸುಮ್ಮನೆ ತಿರುಗಿದವು. ಎತ್ತರದ ಸ್ಪ್ರಿಂಗಿದ್ದಿದ್ದರೆ ಆ ಬಂಡೆ ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಾವ ಎಂಜಿನ್ ಆರಿಸಿ ಇಳಿದು ಬಗ್ಗಿ ನೋಡಿದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಜ್ಜಿ ಕಿಟಕಿಯಿಂದ ಎದುರಿನ ದಂಡೆಯನ್ನೇ ನೋಡುತ್ತಿದ್ದಳು. ಅಲ್ಲಿಗೆ ನಮ್ಮ ಕಾಲಿಗೆ ನಾಲ್ಕು ಹೆಜ್ಜೆಯಂಥ ದಾರಿ, ಅವಳ ಮಂಡಿಗೆ ಇನ್ನೊಂದು ಲೋಕ.

ಎಂಜಿನ್ನಿನ ಸದ್ದಿಗೆ ದಂಡೆಯ ಮೇಲೆ ದೊಡ್ಡಜ್ಜಿಯ ಸೊಸೆ ಬಂದು ನಿಂತಿದ್ದಳು. ಅವಳ ತೋಳು ಹಿಡಿದುಕೊಂಡು ದೊಡ್ಡಜ್ಜಿ. ಸೊಸೆ ನಮ್ಮ ಅವಸ್ಥೆ ನೋಡಿ ಅವಳ ಕಿವಿಗೆ ಬಗ್ಗಿ ಹೇಳಿದಳು. ದೊಡ್ಡಜ್ಜಿ ತಡಮಾಡಲಿಲ್ಲ, ಕೋಲು ಮುಂದಿಟ್ಟು ಹೊಳೆಗೆ ಇಳಿದೇಬಿಟ್ಟಳು. ಅವಳ ಮಂಡಿಗೆ ಏನೂ ಆಗಿರಲಿಲ್ಲ. ಹುಟ್ಟಿದಾಗಿನಿಂದ ತುಳಿದ ಕಲ್ಲುಗಳು, ಪಾದ ತಾನೇ ದಾರಿ ಹುಡುಕಿಕೊಂಡಿತು. ಗಾಡಿಯ ಹತ್ತಿರ ಬಂದು ಬಾಗಿಲು ತಡವಿದಳು, ಸೀಟು ತಡವಿದಳು, ಕೊನೆಗೆ ಅಜ್ಜಿಯ ಮುಖ ತಡವಿದಳು.

"ಸರಿ ಆಕಡೆ, ಜಾಗ ಬಿಡು," ಎಂದಳು.

ಅಜ್ಜಿ ಸರಿದಳು. ದೊಡ್ಡಜ್ಜಿ ಸೊಂಟ ಊರಿ, ಒಳಗೆ ಕೂತು, ಬಾಗಿಲೆಳೆದುಕೊಂಡಳು. ಅಜ್ಜಿ ಅವಳ ಕಿವಿಯ ಮೇಲಿನ ಬಿಳಿಕೂದಲನ್ನು ಬೆರಳಿಂದ ಹಿಂದಕ್ಕೆ ಸರಿಸಿ, ಬಾಯಿಟ್ಟು ಮಾತು ಶುರು ಮಾಡಿದಳು.

ಮಾವ ಜಾಕ್ ತಂದ. "ಅಮ್ಮ, ದೊಡ್ಡಮ್ಮ, ಇಬ್ರೂ ಸ್ವಲ್ಪ ಇಳೀರಿ. ಜಾಕ್ ಕೊಡ್ಬೇಕು."

ಯಾರೂ ಇಳಿಯಲಿಲ್ಲ. ಅವನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಒಳಗಿನಿಂದ ಕೈಯೊಂದು ಹೊರಬಂದು, ಕೋಳಿ ಓಡಿಸುವಂತೆ ಬೀಸಿ ಒಳಹೋಯಿತು.

ಮಾವ ಜಾಕ್ ಕೆಳಗಿಟ್ಟು ಕಲ್ಲಿನ ಮೇಲೆ ಕೂತ. ನಾನು ಅವನ ಪಕ್ಕದಲ್ಲಿ ಕೂತೆ.

"ಏನಂತೆ? ಏನಾದ್ರೂ ಕೇಳ್ತಿದ್ಯಾ ನಿಂಗೆ?" ಎಂದ.

"ನಿನ್ನನ್ನೇ ಬೈತಿದಾರೆ ಮಾವ. ಇಷ್ಟು ತಗ್ಗಿನ ಗಾಡಿ ಯಾರಾದ್ರೂ ಹೊಳೆಗೆ ಇಳಿಸ್ತಾರಾ ಅಂತ."

"ಇಬ್ರೂನಾ?"

"ಇಬ್ರೂ."

ಮಾವ ಗ್ರೀಸು ಮೆತ್ತಿದ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಬಂಡೆಗೆ ಒರಗಿದ. "ಬೈಲಿ. ಅವಸರ ಏನಿಲ್ಲ," ಎಂದ.